ಹನ್ನೊಂದು ಮಂದಿಗೆ ಒಬ್ಬಳೇ ಅಜ್ಜಿ

ಲಂಡನ್ನಿನ ಕೊಲಿಂಡೇಲ್‌ನ ಹೊಸ ಫ್ಲಾಟೊಂದರಲ್ಲಿ ಶ್ರುತಿ ಎಂಬ ಬೆಂಗಳೂರಿನ ಹುಡುಗಿ ಇದ್ದಾಳೆ. ಗಂಡನಿಗೆ ಕಂಪ್ಯೂಟರ್ ಕೆಲಸ, ಇವಳಿಗೆ ಕಿಟಕಿಯಲ್ಲಿ ನಿಂತು ನಾರ್ದರ್ನ್ ಲೈನಿನ ರೈಲು ನೋಡುವ ಕೆಲಸ. ಕಳೆದ ತಿಂಗಳು ಅವಳು ಕಿಂಗ್ಸ್‌ಬರಿಯ ನಮ್ಮ ಮನೆಗೆ ಬಂದಾಗ ಕೈಯಲ್ಲಿ ಹೊಸ ಸರ್ಟಿಫಿಕೇಟು ಇತ್ತು. ವಿದೇಶಿ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಸುವುದು ಹೇಗೆಂದು ನಾಲ್ಕು ವಾರದಲ್ಲಿ ಹೇಳಿಕೊಡುತ್ತಾರಂತೆ.

"ಆಂಟಿ, ನೀವು ಹದಿನೈದು ವರ್ಷ ಚೈನೀಸ್ ಸ್ಟೂಡೆಂಟ್ಸ್‌ಗೆ ಇಂಗ್ಲಿಷ್ ಹೇಳ್ಕೊಟ್ರಂತೆ. ನಿಜವಾಗ್ಲೂ ಆ ಕೆಲ್ಸ ಹೇಗಿರುತ್ತೆ? ಸ್ವಲ್ಪ ಟಿಪ್ಸ್ ಕೊಡಿ," ಅಂದಳು.

ನನ್ನ ಹತ್ತಿರ ಟಿಪ್ಸ್ ಇಲ್ಲ. ಒಂದಷ್ಟು ತಪ್ಪುಗಳಿವೆ, ಅದರಲ್ಲಿ ಒಂದು ಬಹಳ ದೊಡ್ಡದು. ನಿವೃತ್ತರಾದವರು ತಮ್ಮ ಬಡ್ತಿಗಳ ಕಥೆ ಹೇಳುವುದು ವಾಡಿಕೆ. ನನಗೆ ಸಿಕ್ಕ ಏಕೈಕ ಬಡ್ತಿ ಎಂದರೆ ಕಿಟಕಿಯೇ ಇಲ್ಲದ ಕೋಣೆಯಿಂದ, ಕಿಟಕಿ ಇದ್ದೂ ತೆರೆಯದ ಕೋಣೆಗೆ ಹೋದದ್ದು. ಆದ್ದರಿಂದ ತಪ್ಪುಗಳನ್ನೇ ಬರೆದಿಡುತ್ತೇನೆ, ಶ್ರುತಿ ಬಿಡುವಾದಾಗ ಓದಿಕೊಳ್ಳಲಿ.

ನಾನು ಧಾರವಾಡದವಳು. ಕನ್ನಡ ಶಾಲೆಯಲ್ಲಿ ಓದಿ, ಐದನೆಯ ಇಯತ್ತೆಯಲ್ಲಿ ಮೊದಲ ಸಲ ಎಬಿಸಿಡಿ ಕಂಡವಳು. ಕಂಡಮೇಲೆ ಬಿಡಲಿಲ್ಲ, ಅದರಲ್ಲೇ ಎಂ.ಎ. ಮಾಡಿದೆ. ಗಂಡ ಅರಿವಳಿಕೆ ಕೊಡುವ ಡಾಕ್ಟರು. ಅವರ ಹಿಂದೆ ಲಂಡನ್ನಿಗೆ ಬಂದೆ. ಮಕ್ಕಳು ದೊಡ್ಡವರಾಗಿ, ಊಟಕ್ಕೆ ಕೂತಾಗಲೆಲ್ಲ ನನ್ನ ಇಂಗ್ಲಿಷನ್ನು ತಿದ್ದತೊಡಗಿದರು. ತಿದ್ದಿಸಿಕೊಳ್ಳುವುದಕ್ಕಿಂತ ತಿದ್ದುವುದೇ ಮೇಲು ಅನ್ನಿಸಿ ಕೆಲಸ ಹುಡುಕಿದೆ. ತೊಂಬತ್ತರ ದಶಕದ ಮೊದಲ ವರ್ಷಗಳವು.

ಸಿಕ್ಕಿದ್ದು ಕಾರ್ಪೆಟ್ ಅಂಗಡಿಯ ಮೇಲಿನ ಒಂದು ಕಾಲೇಜು. ಎರಡು ಕೋಣೆ, ಒಂದು ಆಫೀಸು. ಹೆಸರಿನಲ್ಲಿ ಮಾತ್ರ 'ರಾಯಲ್', 'ಇಂಟರ್‌ನ್ಯಾಷನಲ್', 'ಅಕಾಡೆಮಿ' ಮೂರೂ ಇದ್ದವು. ಬೋರ್ಡು ಓದಿ ಮುಗಿಸುವಷ್ಟರಲ್ಲಿ ಮೆಟ್ಟಿಲು ಹತ್ತಿ ಮುಗಿಯುತ್ತಿತ್ತು. ಚೀನಾಕ್ಕೆ ಕಳಿಸುತ್ತಿದ್ದ ಪರಿಚಯ ಪುಸ್ತಿಕೆಯ ಮುಖಪುಟದಲ್ಲಿ ಹೊಂಗೂದಲಿನ ಯುವತಿಯೊಬ್ಬಳು ಸೀಮೆಸುಣ್ಣ ಹಿಡಿದು ನಗುತ್ತಿದ್ದಳು, ಹಿಂದೆ ಬಳ್ಳಿ ಹಬ್ಬಿದ ಕಲ್ಲಿನ ಗೋಡೆ. ಆ ಯುವತಿ ಯಾರೆಂದು ಕಾಲೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೋಡೆಯೂ ನಮ್ಮದಲ್ಲ. ನಮ್ಮ ಗೋಡೆಗೆ ಹಬ್ಬಿದ್ದು ತೇವ.

ಮೊದಲ ದಿನ ಸೀರೆ ಉಟ್ಟು, ಮೇಲೆ ಕಾರ್ಡಿಗನ್ ಹಾಕಿಕೊಂಡು ಕ್ಲಾಸಿಗೆ ಹೋದೆ. ಹದಿನಾಲ್ಕು ಮಂದಿ ಚೀನೀಯರು ಕೂತಿದ್ದರು, ಎಲ್ಲರೂ ವಯಸ್ಕರು. ನಾನು ನಮಸ್ಕಾರ ಹೇಳಿ, ಹಾಜರಿ ತೆಗೆದುಕೊಂಡು, ಬೋರ್ಡು ಒರೆಸಿದರೂ ಅವರ ಕಣ್ಣು ನನ್ನ ಹಿಂದಿನ ಬಾಗಿಲ ಮೇಲೇ ಇತ್ತು. ಕೊನೆಗೆ ಒಬ್ಬ ಎದ್ದು ಬಹಳ ವಿನಯದಿಂದ, "ಟೀಚರ್ ಯಾವಾಗ ಬರುತ್ತಾರೆ?" ಎಂದು ಕೇಳಿದ. "ಬಂದಾಗಿದೆ," ಅಂದೆ. ಅವನು ಚೀಲದಿಂದ ಪುಸ್ತಿಕೆ ತೆಗೆದು ಮುಖಪುಟ ನೋಡಿದ, ನನ್ನನ್ನು ನೋಡಿದ, ಮೆಲ್ಲಗೆ ಕೂತ.

ಅವಮಾನವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ, ನನಗೆ ನಗು ಬಂದಿತ್ತು. ಸಿಟ್ಟು ಬಂದದ್ದು ಮಧ್ಯಾಹ್ನ, ಪ್ರಿನ್ಸಿಪಾಲ್ ಟಾಲ್ಬಟ್ ಸಾಹೇಬರು ಕರೆದು ಮಾತಾಡಿದಾಗ. "ಮಿಸೆಸ್ ಕೆ, ಸೀರೆ ಬಹಳ ಸುಂದರವಾಗಿದೆ. ಆದರೆ ನಮ್ಮ ವಿದ್ಯಾರ್ಥಿಗಳು ಅಷ್ಟು ದೂರದಿಂದ ಬರುವುದು ಇಂಗ್ಲೆಂಡ್ ನೋಡುವುದಕ್ಕೆ, ಅಲ್ಲವೇ?" ಕುಲಕರ್ಣಿ ಎಂಬ ಹೆಸರು ಅವರ ನಾಲಿಗೆಗೆ ಭಾರವಾಗಿತ್ತು, ಹಾಗಾಗಿ ಬರೀ ಕೆ. ಮಾರನೆಯ ದಿನದಿಂದ ನಾನು ಪ್ಯಾಂಟು ಹಾಕಿಕೊಂಡು ಇಂಗ್ಲೆಂಡ್ ಆದೆ.

ಇನ್ನು ಕಲಿಸುವ ಪದ್ಧತಿಯ ಕಥೆ. ಆಗಿನ ಹೊಸ ಪದ್ಧತಿಯ ಪ್ರಕಾರ ವ್ಯಾಕರಣ ವಿವರಿಸಬಾರದು, ಪದಗಳ ಪಟ್ಟಿ ಕೊಡಬಾರದು, ಬಾಯಿಪಾಠವಂತೂ ಮಹಾಪಾಪ. ಭಾಷೆ ಆಟದಿಂದ ತಾನಾಗಿ ಬರಬೇಕು. ಅದಕ್ಕಾಗಿ ಕಾಲೇಜಿನವರು ನನಗೆ ಒಂದು ಹಳದಿ ಚೆಂಡು ಕೊಟ್ಟಿದ್ದರು. ಚೆಂಡು ಹಿಡಿದವರು ತಮಗೆ ಇಷ್ಟವಾದ ಹಣ್ಣಿನ ಹೆಸರು ಹೇಳಿ ಇನ್ನೊಬ್ಬರಿಗೆ ಎಸೆಯಬೇಕು. ಊರಿನಲ್ಲಿ ಸೇತುವೆ ಕಟ್ಟಿಸಿದ್ದ ಐವತ್ತು ವರ್ಷದ ಎಂಜಿನಿಯರ್ ಒಬ್ಬರು ದಿನಾ ಬೆಳಿಗ್ಗೆ ಚೆಂಡು ಹಿಡಿದು "ಬಾಳೆಹಣ್ಣು" ಎನ್ನುತ್ತಿದ್ದರು. ಅವರ ಮುಖದಲ್ಲಿದ್ದ ತಾಳ್ಮೆಯನ್ನು ನಾನು ಆಮೇಲೆ ದೇವಸ್ಥಾನದ ಸಾಲಿನಲ್ಲಿ ಕೂಡ ಕಂಡಿಲ್ಲ.

ಅವರಿಗೆ ಬೇಕಿದ್ದದ್ದು ಚೆಂಡಲ್ಲ, ಪದ. ಎಲ್ಲರ ಬಳಿಯೂ ಊರಿನಿಂದ ತಂದ ಪದಗಳ ಪುಸ್ತಕ ಇರುತ್ತಿತ್ತು, ಅಂಗೈಯಗಲದ್ದು, ಅಕಾರಾದಿಯಾಗಿ ಸಾವಿರಾರು ಇಂಗ್ಲಿಷ್ ಪದಗಳು, ಪಕ್ಕದಲ್ಲಿ ಚೀನೀ ಅರ್ಥ. ಅದರ ಮೊದಲ ಪದ 'ಅಬ್ಯಾಂಡನ್', ಅಂದರೆ ಕೈಬಿಟ್ಟು ಹೋಗು. ಇಂದಿನಿಂದ ದಿನಕ್ಕೆ ಐವತ್ತು ಪದ ಎಂದು ಪ್ರತಿಯೊಬ್ಬರೂ ಶಪಥ ಮಾಡುತ್ತಿದ್ದರು. ನಾಲ್ಕನೆಯ ದಿನಕ್ಕೆ ಶಪಥ ಮುರಿಯುತ್ತಿತ್ತು. ಮುಂದಿನ ಸೋಮವಾರ ಮತ್ತೆ ಮೊದಲ ಪುಟದಿಂದ ಶುರು. ಹೀಗಾಗಿ ನನ್ನ ಕ್ಲಾಸಿನಲ್ಲಿ ಎ ಅಕ್ಷರದಲ್ಲಿ ಎಲ್ಲರೂ ಪಂಡಿತರು, ಎಂ ಬರುವಷ್ಟರಲ್ಲಿ ಎಲ್ಲರೂ ಮೂಕರು.

ಇವರೆಲ್ಲರಲ್ಲಿ ಹೆಚ್ಚು ಹಿಂದೆ ಉಳಿದವಳು ಲಿನ್ ಮೇ. ಮೂವತ್ತೈದರ ಹೆಂಗಸು, ಶೆನ್ಯಾಂಗ್ ಎಂಬ ಊರಿನ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ನರ್ಸ್ ಆಗಿದ್ದವಳು. ಇಲ್ಲಿ ಸಂಜೆ ಹೊತ್ತು ಒಂದು ಟೇಕ್‌ಅವೇ ಅಂಗಡಿಯಲ್ಲಿ ಕೋಳಿ ಕತ್ತರಿಸುತ್ತಿದ್ದಳು. ಇಲ್ಲಿ ನರ್ಸ್ ಆಗಬೇಕಾದರೆ ಇಂಗ್ಲಿಷ್ ಪರೀಕ್ಷೆಯಲ್ಲಿ ಪಾಸಾಗಬೇಕು. ನರ್ಸ್ ಕೆಲಸ ಸಿಕ್ಕರೆ ಆರು ವರ್ಷದ ಮಗಳನ್ನು ಕರೆಸಿಕೊಳ್ಳಬಹುದು, ಸಿಗದಿದ್ದರೆ ವೀಸಾ ಮುಗಿದ ದಿನ ಗಂಟುಮೂಟೆ ಕಟ್ಟಬೇಕು. ಮಗಳು ಊರಿನಲ್ಲಿ ಲಿನ್ ಮೇಯ ಅತ್ತೆಯ ಹತ್ತಿರ ಇದ್ದಳು.

ಅವಳ ಪುಸ್ತಕ ಯಾವಾಗ ನೋಡಿದರೂ ಮೊದಲ ಪುಟದಲ್ಲೇ ತೆರೆದಿರುತ್ತಿತ್ತು. ನಾನು ಕ್ಲಾಸಿನ ನಡುವೆ ನಿಂತು, "ಲಿನ್ ಮೇ, ಎರಡನೆಯ ಪದ ಯಾವಾಗ?" ಎಂದು ಚುಡಾಯಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ನನ್ನ ಹಾಸ್ಯಪ್ರಜ್ಞೆಯ ಬಗ್ಗೆ ನನಗೆ ಆಗ ಬಹಳ ಹೆಮ್ಮೆ ಇತ್ತು.

ಆದರೆ ಅವಳು ಪೆದ್ದಿಯಲ್ಲ. ಚೀನೀ ಭಾಷೆಯಲ್ಲಿ ಕ್ರಿಯಾಪದ ಕಾಲಕ್ಕೆ ತಕ್ಕಂತೆ ಬದಲಾಗುವುದಿಲ್ಲ. ಅವಳು "ನಿನ್ನೆ ನಾನು ಅಂಗಡಿಗೆ ಹೋಗುತ್ತೇನೆ" ಎಂದಾಗ ನಾನು ಅರ್ಧ ಗಂಟೆ ಭೂತಕಾಲದ ಮಹಿಮೆ ಕೊಂಡಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಟೀಚರ್, ನಾನು ನಿನ್ನೆ ಅಂತ ಹೇಳಿ ಆಯಿತು. ಮತ್ತೆ ಇನ್ನೊಂದು ಸಲ ಯಾಕೆ ಹೇಳುವುದು? ಇಂಗ್ಲಿಷ್ ಜನಕ್ಕೆ ಮರೆವಾ?" ಅಂದಳು. ಎಂ.ಎ.ಯಲ್ಲಿ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ.

'ಎ' ಎಲ್ಲಿ, 'ದಿ' ಎಲ್ಲಿ ಎಂಬ ಪ್ರಶ್ನೆಯೂ ಹಾಗೇ. ಚೀನೀಯರಿಗೂ ಆ ಪದಗಳಿಲ್ಲ, ಕನ್ನಡಿಗರಾದ ನಮಗೂ ಇಲ್ಲ, ಇಬ್ಬರೂ ಇಲ್ಲದೆ ಚೆನ್ನಾಗಿಯೇ ಇದ್ದೇವೆ. ನಾನು ಶಾಲೆಯಲ್ಲಿ ಉರು ಹೊಡೆದ ಹನ್ನೆರಡು ನಿಯಮ ಹೇಳಿದೆ. ಎಂಜಿನಿಯರ್ ಒಂದೊಂದಕ್ಕೂ ಒಂದೊಂದು ಅಪವಾದ ತೆಗೆದು ತೋರಿಸಿದರು. ಸೋತು ಟಾಲ್ಬಟ್ ಸಾಹೇಬರನ್ನು ಕರೆತಂದೆ. ಅವರು ಬೋರ್ಡು ನೋಡಿ, ತಲೆ ಓರೆ ಮಾಡಿ, "ಕಿವಿಗೆ ಹೀಗೇ ಸರಿ ಅನ್ನಿಸುತ್ತದೆ," ಎಂದು ಹೊರಟುಹೋದರು. ಚೆಂಡಿನ ಪದ್ಧತಿ ಯಾಕೆ ಹುಟ್ಟಿತೆಂದು ನನಗೆ ಅಂದು ತಿಳಿಯಿತು.

ಎರಡು ವರ್ಷ ಚೆಂಡೆಸೆದು ನನ್ನ ತೋಳು ಸೋತಿತು, ವಿದ್ಯಾರ್ಥಿಗಳ ಇಂಗ್ಲಿಷ್ ಇದ್ದಲ್ಲೇ ಇತ್ತು. ಆಗ ನಾನು ಕಳ್ಳದಾರಿ ಹಿಡಿದೆ. ಧಾರವಾಡದಲ್ಲಿ ನಮ್ಮ ಜೋಶಿ ಮಾಸ್ತರು ನನಗೆ ಇಂಗ್ಲಿಷ್ ಕಲಿಸಿದ ರೀತಿಯೇ ಬೇರೆ. ಬೋರ್ಡಿನ ಮೇಲೆ ಬರೆ, ಐದು ಸಲ ನಕಲು ಮಾಡಿಸು, ಮಾರನೆಯ ದಿನ ನಿಲ್ಲಿಸಿ ಒಪ್ಪಿಸಿಕೋ. ಇದನ್ನು ನಾನು ಬಾಗಿಲು ಹಾಕಿಕೊಂಡು ಶುರು ಮಾಡಿದೆ. ಚೀನೀಯರ ಮುಖ ಅರಳಿದ್ದನ್ನು ನೋಡಬೇಕಿತ್ತು! ಅವರ ಊರಿನಲ್ಲೂ ಪಾಠವೆಂದರೆ ಹೀಗೇ ಅಂತೆ. ಎಂಜಿನಿಯರ್ ಬೆಂಚಿನ ಮೇಲೆ ಕೈ ಕಟ್ಟಿ ಕೂತು, ಮುಂದಕ್ಕೆ ಹಿಂದಕ್ಕೆ ತೂಗಾಡುತ್ತ ಒಪ್ಪಿಸುತ್ತಿದ್ದರೆ ನನಗೆ ನಮ್ಮ ಶಾಲೆಯ ಪಡಸಾಲೆಯೇ ನೆನಪಾಗುತ್ತಿತ್ತು.

ಮೆಟ್ಟಿಲ ಮೇಲೆ ಸಾಹೇಬರ ಬೂಟಿನ ಸದ್ದಾದರೆ ಸಾಕು, ನೋಟುಪುಸ್ತಕಗಳು ತೊಡೆಯ ಕೆಳಗೆ ಹೋಗಿ ಹಳದಿ ಚೆಂಡು ಗಾಳಿಯಲ್ಲಿರುತ್ತಿತ್ತು. "ಬಾಳೆಹಣ್ಣು!" "ಸೇಬು!" ಸಾಹೇಬರು ಬಾಗಿಲಲ್ಲಿ ನಿಂತು ನಕ್ಕು ಹೋಗುತ್ತಿದ್ದರು. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಪಾಸಾಗತೊಡಗಿದರು. ಹೊಸ ಪದ್ಧತಿಯ ಯಶಸ್ಸು ಎಂದು ಸಾಹೇಬರು ಪುಸ್ತಿಕೆಯಲ್ಲಿ ಅಚ್ಚು ಹಾಕಿಸಿದರು, ಹೊಂಗೂದಲಿನ ಯುವತಿಯ ಕೆಳಗೆ.

ಇಲ್ಲಿಗೆ ನನ್ನ ದೊಡ್ಡ ತಪ್ಪು ಬಂತು. ಪರೀಕ್ಷೆಗೆ ಎರಡು ವಾರವಿತ್ತು. ಆ ದಿನ ನನ್ನ ಮನಸ್ಸು ಸರಿ ಇರಲಿಲ್ಲ, ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ. ಮಾದರಿ ಪ್ರಬಂಧ ಬರೆಸಲು ಬೋರ್ಡಿನ ಮುಂದೆ ನಿಂತಾಗ ಕೈ ತನ್ನಷ್ಟಕ್ಕೇ 'ನನ್ನ ಅಜ್ಜಿ' ಎಂದು ಬರೆಯಿತು. ಅಜ್ಜಿ ಧಾರವಾಡ ಎಂಬ ಊರಿನಲ್ಲಿ ಇರುತ್ತಾಳೆ. ಅವಳ ಅಂಗೈ ಒರಟು, ಮನಸ್ಸು ಮೃದು. ದಿನಾ ಬೆಳಿಗ್ಗೆ ಬಾಗಿಲಲ್ಲಿ ಕೂತು ಅಕ್ಕಿಯಲ್ಲಿನ ಕಲ್ಲು ಆರಿಸುತ್ತಾಳೆ. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಗೂ, ಬದುಕನ್ನೂ ಹೀಗೇ ಒಂದೊಂದು ಕಾಳಾಗಿ ಹಸನು ಮಾಡಬೇಕು, ಎನ್ನುತ್ತಾಳೆ. ಅಕ್ಕಿ ಇದ್ದದ್ದರಿಂದ ಚೀನೀಯರಿಗೆ ಈ ಅಜ್ಜಿ ಬಹಳ ಹಿಡಿಸಿದಳು. ಮಾರನೆಯ ದಿನ ಎಲ್ಲರೂ ತಪ್ಪಿಲ್ಲದೆ ಒಪ್ಪಿಸಿದರು.

ಪರೀಕ್ಷೆಯ ಪ್ರಶ್ನೆ ಹೀಗಿತ್ತು: ನಿಮಗೆ ಏನನ್ನಾದರೂ ಕಲಿಸಿದ ಒಬ್ಬ ವ್ಯಕ್ತಿಯ ಬಗ್ಗೆ ಬರೆಯಿರಿ. ನಮ್ಮಿಂದ ಹೋದ ಹನ್ನೊಂದು ಮಂದಿಯೂ ಸಂತೋಷದಿಂದ ಧಾರವಾಡದ ಅಜ್ಜಿಯನ್ನು ಬರೆದು ಬಂದರು. ಊರಿನ ಹೆಸರನ್ನಾದರೂ ಬದಲಾಯಿಸಬಾರದಿತ್ತೇ ಎಂದು ಆಮೇಲೆ ಕೇಳಿದೆ. ಧಾರವಾಡ ಎಂದರೇನೆಂದು ಅವರು ಡಿಕ್ಷನರಿಯಲ್ಲಿ ಹುಡುಕಿದ್ದರಂತೆ. ಸಿಗದಿದ್ದಾಗ, ಇದು ಯಾವುದೋ ಮೇಲ್ದರ್ಜೆಯ ಪದವಿರಬೇಕು, ಹಾಕಿದರೆ ಅಂಕ ಹೆಚ್ಚು ಬರುತ್ತದೆ ಎಂದುಕೊಂಡರಂತೆ.

ಫಲಿತಾಂಶದ ಬದಲು ಪರೀಕ್ಷಾ ಮಂಡಳಿಯಿಂದ ಪತ್ರ ಬಂತು. ಹನ್ನೊಂದು ಅಭ್ಯರ್ಥಿಗಳು ಒಬ್ಬಳೇ ಅಜ್ಜಿಯ ಮೊಮ್ಮಕ್ಕಳಾಗಿರುವ ಸಾಧ್ಯತೆಯನ್ನು ಮಂಡಳಿ ಪೂರ್ತಿ ತಳ್ಳಿಹಾಕುವುದಿಲ್ಲ, ಆದರೂ ವಿಚಾರಣೆ ಅಗತ್ಯವೆಂದು ವಿಷಾದದಿಂದ ತಿಳಿಸುತ್ತದೆ, ಎಂದಿತ್ತು. ನಕಲು ಮಾಡಿದ್ದು ಸಾಬೀತಾದರೆ ಅಂಥವರು ಎರಡು ವರ್ಷ ಪರೀಕ್ಷೆಗೆ ಕೂರುವಂತಿಲ್ಲ. ಲಿನ್ ಮೇಯ ವೀಸಾಕ್ಕೆ ಉಳಿದಿದ್ದದ್ದು ಏಳು ತಿಂಗಳು.

ಟಾಲ್ಬಟ್ ಸಾಹೇಬರು ಪತ್ರವನ್ನು ಮೂರು ಸಲ ಓದಿ, ಬಾಗಿಲು ಹಾಕಿ, ನನಗೆ ಚಹಾ ಕೊಟ್ಟರು. ಅಷ್ಟು ವರ್ಷದಲ್ಲಿ ಅವರು ನನಗೆ ಚಹಾ ಕೊಟ್ಟದ್ದು ಅದೊಂದೇ ಸಲ. "ಮಿಸೆಸ್ ಕೆ, ನಮ್ಮಲ್ಲಿ ಬಾಯಿಪಾಠ ಇಲ್ಲ. ನಮ್ಮದು ಹೊಸ ಪದ್ಧತಿ. ಅಂದರೆ ಯಾರೋ ಒಬ್ಬರು ಬರೆದರು, ಉಳಿದವರು ನೋಡಿ ನಕಲು ಮಾಡಿದರು. ಒಬ್ಬರ ಹೆಸರು ಕೊಟ್ಟರೆ ಮಂಡಳಿಗೆ ಸಮಾಧಾನವಾಗಬಹುದು. ಮುಂದಿನ ಸಾಲಿನಲ್ಲಿ ಕೂತಿದ್ದವಳು ಆ ನರ್ಸ್, ಅಲ್ಲವೇ?"

"ಅವಳೇ ಯಾಕೆ?"

"ದೂರು ಬರೆಯುವಷ್ಟು ಇಂಗ್ಲಿಷ್ ಅವಳಿಗೆ ಬರುವುದಿಲ್ಲವಲ್ಲ," ಅಂದರು ಸಾಹೇಬರು. ಅವಳಿಗೆ ಇಂಗ್ಲಿಷ್ ಕಲಿಸುವುದೇ ನಮ್ಮ ಕಾಲೇಜಿನ ಕೆಲಸ ಎಂಬುದು ಅವರಿಗೆ ಆ ಕ್ಷಣ ನೆನಪಿರಲಿಲ್ಲ.

ಎದ್ದು ನಿಂತು ಛೀಮಾರಿ ಹಾಕಿದೆ ಎಂದು ಬರೆಯಲು ನನಗೂ ಆಸೆ. ಹಾಕಲಿಲ್ಲ, ಚಹಾ ಕುಡಿದು ಮನೆಗೆ ಬಂದೆ. ಗಂಡನಿಗೆ ಹೇಳಿದರೆ ಅವರು ಪೇಪರಿನಿಂದ ಕಣ್ಣೆತ್ತದೆ, "ಸುಮ್ನ ಇರು. ಆಪರೇಷನ್ ಕೆಟ್ಟಾಗ ಸರ್ಜನ್ನು ಬಾಯಿ ಬಿಡೂತನಕಾ ನಾವು ಬಾಯಿ ಬಿಡಂಗಿಲ್ಲ," ಅಂದರು.

"ಇಲ್ಲೆ ಸರ್ಜನ್ನೂ ನಾನ, ಅರಿವಳಿಕಿ ಕೊಟ್ಟಾಕಿನೂ ನಾನ," ಅಂದೆ.

"ಹಂಗಾರ ಪೇಷಂಟ್ ಏನಂತಾಳ?"

ಒಂಬತ್ತು ದಿನ ಸುಮ್ಮನಿದ್ದೆ. ಪೇಷಂಟ್ ಹತ್ತನೆಯ ದಿನ ಕ್ಲಾಸು ಮುಗಿದ ಮೇಲೆ ನನ್ನ ಮೇಜಿನ ಹತ್ತಿರ ಬಂದು ನಿಂತಳು. "ಟೀಚರ್, ಬಾಯಿಪಾಠ ತಪ್ಪಾ? ನೀವು ಹೇಳುತ್ತೀರಿ, ನಾನು ಮಾಡುತ್ತೇನೆ. ನನ್ನ ದೇಶದಲ್ಲಿ ಟೀಚರ್ ಬರೆಸಿದ್ದು ಒಂದು ಅಕ್ಷರ ಬದಲು ಮಾಡಿದರೆ ಅದು ತಪ್ಪು." ಅವಳ ಮಾತಿನಲ್ಲಿ ಆರೋಪವಿರಲಿಲ್ಲ. ತಿಳಿಯದ್ದನ್ನು ಕೇಳಿ ತಿಳಿಯಲು ಬಂದಿದ್ದಳು ಅಷ್ಟೆ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ವಿಚಾರಣೆಗೆ ನಾನೂ ಹೋದೆ. ಮಂಡಳಿಯ ಅಧಿಕಾರಿ ಮಿಸ್ ಹಾರ್ಟ್ಲಿ ಎಂಬ ಒಣಗಿದ ಮುಖದ ಹೆಂಗಸು, ಎದುರಿಗೆ ಹನ್ನೊಂದು ಉತ್ತರ ಪತ್ರಿಕೆಗಳನ್ನು ಇಸ್ಪೀಟಿನ ಹಾಗೆ ಹರಡಿಕೊಂಡು ಕೂತಿದ್ದರು. ಟಾಲ್ಬಟ್ ಸಾಹೇಬರು ಗಂಟಲು ಸರಿಮಾಡಿಕೊಳ್ಳುವ ಮೊದಲೇ ನಾನು, "ಯಾರೂ ಯಾರದನ್ನೂ ನೋಡಿ ಬರೆದಿಲ್ಲ. ನಾನೇ ಬರೆಸಿದ್ದು, ನಾನೇ ಬಾಯಿಪಾಠ ಮಾಡಿಸಿದ್ದು," ಅಂದೆ. ಸಾಹೇಬರ ಮುಖ ನಮ್ಮ ಕಾಲೇಜಿನ ಗೋಡೆಯ ಬಣ್ಣಕ್ಕೆ ತಿರುಗಿತು.

"ಹಾಗಾದರೆ ಇವರು ನಿಮ್ಮ ಅಜ್ಜಿ," ಎಂದು ಮಿಸ್ ಹಾರ್ಟ್ಲಿ ಪೆನ್ನು ಎತ್ತಿಕೊಂಡರು. ಹೌದು ಅಂದಿದ್ದರೆ ಮುಗಿಯುತ್ತಿತ್ತು.

"ಅಲ್ಲ," ಅಂದೆ.

"ಮತ್ತೆ ಯಾರ ಅಜ್ಜಿ?"

"ಗೊತ್ತಿಲ್ಲ. ನಮ್ಮ ಜೋಶಿ ಮಾಸ್ತರು ಮ್ಯಾಟ್ರಿಕ್ಕಿನಲ್ಲಿ ಬೋರ್ಡಿನ ಮೇಲೆ ಬರೆದಿದ್ದರು. ನಮ್ಮ ಕ್ಲಾಸಿನ ನಲವತ್ತು ಹುಡುಗಿಯರೂ ಪರೀಕ್ಷೆಯಲ್ಲಿ ಇವಳನ್ನೇ ಬರೆದೆವು. ಎಲ್ಲರೂ ಪಾಸಾದೆವು."

ಮಿಸ್ ಹಾರ್ಟ್ಲಿ ಪೆನ್ನು ಕೆಳಗಿಟ್ಟರು. "ಅಲ್ಲಿನ ಪರೀಕ್ಷಕರು ಏನೂ ಅನ್ನಲಿಲ್ಲವೇ?"

"ಅವರೂ ಇವಳನ್ನೇ ಬರೆದು ಪಾಸಾದವರಿರಬೇಕು."

ಆ ಒಣ ಮುಖದಲ್ಲಿ ಏನೋ ಅಲುಗಾಡಿತು. ನಕ್ಕರೋ ಇಲ್ಲವೋ ಹೇಳಲಾರೆ. ಹನ್ನೊಂದು ಮಂದಿಯೂ ಅಲ್ಲೇ, ಆ ಕೋಣೆಯಲ್ಲೇ, ಅದೇ ವಿಷಯದ ಮೇಲೆ ಮತ್ತೊಮ್ಮೆ ಬರೆಯಬೇಕು, ಅಜ್ಜಿಯರನ್ನು ಬಿಟ್ಟು, ಎಂದು ತೀರ್ಮಾನ ಕೊಟ್ಟರು. ಅಂಕಕ್ಕಲ್ಲ, ನಿಜ ತಿಳಿಯುವುದಕ್ಕೆ. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಟಾಲ್ಬಟ್ ಸಾಹೇಬರು ನನ್ನಿಂದ ಸಾಧ್ಯವಾದಷ್ಟು ದೂರ ಕೂತರು.

ಮುಕ್ಕಾಲು ಗಂಟೆಯ ನಂತರ ಮಿಸ್ ಹಾರ್ಟ್ಲಿ ನನ್ನನ್ನು ಒಳಗೆ ಕರೆದು ಒಂದು ಹಾಳೆ ಕೊಟ್ಟರು. ಲಿನ್ ಮೇ ಬರೆದದ್ದು. ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು: 'ನನಗೆ ಕಲಿಸುವ ವ್ಯಕ್ತಿ ನನ್ನ ಅತ್ತೆ. ಅವಳು ಒಳ್ಳೆಯ ಹೆಂಗಸು ಇಲ್ಲ. ನಾನು ಲಂಡನ್ ಬರುತ್ತೇನೆ. ಅತ್ತೆ ನನ್ನ ಮಗಳಿಗೆ ಹೇಳುತ್ತಾಳೆ, ನಿನ್ನ ಅಮ್ಮ ನಿನ್ನನ್ನು ಕೈಬಿಟ್ಟು ಹೋಗುತ್ತಾಳೆ. ನನ್ನ ಪದಪುಸ್ತಕದಲ್ಲಿ ಮೊದಲ ಪದ ಅದೇ. ಬೇರೆ ಜನ ಆ ಪದ ದಾಟಿ ಹೋಗುತ್ತಾರೆ. ನಾನು ದಿನಾ ಅಲ್ಲಿ ನಿಲ್ಲುತ್ತೇನೆ. ಅತ್ತೆ ನನಗೆ ಆ ಪದದ ಅರ್ಥ ಕಲಿಸುತ್ತಾಳೆ. ಮಗಳು ಬರುವ ದಿನ ನಾನು ಎರಡನೆಯ ಪದಕ್ಕೆ ಹೋಗುತ್ತೇನೆ.'

ಹಾಳೆಯಲ್ಲಿ ಒಂದೇ ಒಂದು ಕ್ರಿಯಾಪದ ಭೂತಕಾಲದಲ್ಲಿರಲಿಲ್ಲ. ನನ್ನ ಕೈಯಲ್ಲಿ ಕೆಂಪು ಪೆನ್ನಿತ್ತು, ಅಭ್ಯಾಸಬಲದಿಂದ ಹಿಡಿದುಕೊಂಡಿದ್ದೆ. ಅದನ್ನು ಚೀಲಕ್ಕೆ ಹಾಕಿದೆ. ಎರಡನೆಯ ಪದ ಯಾವಾಗ ಎಂದು ಹದಿನಾಲ್ಕು ಮಂದಿಯ ಎದುರು ನಾನು ಅವಳನ್ನು ಎಷ್ಟು ಸಲ ನಗೆಪಾಟಲು ಮಾಡಿದ್ದೆನೋ ಲೆಕ್ಕವಿಲ್ಲ. ಅಳು ಬಂತು, ಅತ್ತುಬಿಟ್ಟೆ. ಮಿಸ್ ಹಾರ್ಟ್ಲಿ ನನಗೆ ಟಿಶ್ಯೂ ಡಬ್ಬಿ ಸರಿಸಿ, ಅದನ್ನು ಮತ್ತೆ ಮೇಜಿನ ಅಂಚಿಗೆ ನೇರವಾಗಿ ಜೋಡಿಸಿಟ್ಟರು.

ನಕಲಿನ ಆರೋಪ ಹೋಯಿತು, ಫಲಿತಾಂಶ ಮಾತ್ರ ರದ್ದಾಯಿತು. ಮೂರು ತಿಂಗಳ ನಂತರ ಎಲ್ಲರೂ ಮತ್ತೆ ಕೂರಬಹುದು ಎಂದಾಯಿತು. ನನಗೆ ಆ ಕಾಲೇಜಿನಲ್ಲಿ ಮತ್ತೆ ಕೂರುವ ಅವಕಾಶ ಸಿಗಲಿಲ್ಲ. ಪದ್ಧತಿಗೆ ನಿಷ್ಠೆಯಿಲ್ಲದವಳೆಂದು ಬರೆದು ಸಾಹೇಬರು ಕಳಿಸಿಕೊಟ್ಟರು. ಹಳದಿ ಚೆಂಡನ್ನು ಹಿಂದಕ್ಕೆ ಕೊಡಬೇಕೆಂದು ಆಮೇಲೆ ಒಂದು ಪತ್ರವೂ ಬಂತು. ಕೊಡಲಿಲ್ಲ, ಅದು ಇಂದಿಗೂ ನಮ್ಮ ಗ್ಯಾರೇಜಿನಲ್ಲಿದೆ.

ಲಿನ್ ಮೇ ಮತ್ತಿಬ್ಬರನ್ನು ಕಟ್ಟಿಕೊಂಡು ನಮ್ಮ ಮನೆಗೇ ಪಾಠಕ್ಕೆ ಬರತೊಡಗಿದಳು. ಪರೀಕ್ಷೆಯಲ್ಲಿ ಪಾಸಾದಳು. ಸುದ್ದಿ ಹೇಳಲು ಬಂದಾಗ, ಈ ಸಲ ಏನು ಬರೆದೆ, ಅತ್ತೆಯ ಬಗ್ಗೆಯೇ ಎಂದು ಉತ್ಸಾಹದಿಂದ ಕೇಳಿದೆ. ನನ್ನ ಮನಸ್ಸಿನಲ್ಲಿ ಅಷ್ಟು ಹೊತ್ತಿಗೆ ಸತ್ಯವೇ ಗೆದ್ದಿತು ಎಂಬ ಉಪನ್ಯಾಸ ತಯಾರಾಗಿತ್ತು.

"ಇಲ್ಲ ಟೀಚರ್. ನಗರಜೀವನದ ಲಾಭಗಳು. ನೀವು ಹೋದ ತಿಂಗಳು ಬರೆಸುತ್ತೀರಲ್ಲ, ಅದು. ಬಾಯಿಪಾಠ. ಊರಿನ ಹೆಸರು ಮಾತ್ರ ಬದಲು," ಅಂದಳು. ನನ್ನ ಮುಖ ನೋಡಿ ಸಮಾಧಾನ ಮಾಡಿದಳು. "ನಿಜದಲ್ಲಿ ಬಹಳ ತಪ್ಪು ಇರುತ್ತದೆ. ಪರೀಕ್ಷೆಗೆ ಅದು ಬೇಡ. ಅದು ಮನೆಗೆ." ಹೊರಡುವಾಗ ಬಾಗಿಲಲ್ಲಿ ತಿರುಗಿ, "ಟೀಚರ್, ನಿಮ್ಮ ನಿಜ ಅಜ್ಜಿ ಯಾರು? ಅವಳನ್ನು ಬರೆಯುತ್ತೀರಾ?" ಎಂದು ಕೇಳಿದಳು. ಆಮೇಲೆ ನೋಡೋಣ ಅಂದೆ.

ಮಗಳು ಲಂಡನ್ನಿಗೆ ಇಳಿದದ್ದು ಮರುವರ್ಷ. ವಿಮಾನ ನಿಲ್ದಾಣದಿಂದಲೇ ಫೋನ್ ಬಂತು. ಹಿಂದೆ ಗದ್ದಲ, ಮಗುವಿನ ದನಿ. ಲಿನ್ ಮೇ ಹೇಳಿದ್ದು ಒಂದೇ ಮಾತು. "ಟೀಚರ್, ಇವತ್ತು ಎರಡನೆಯ ಪದ."

ಆಮೇಲಿನ ವರ್ಷಗಳಲ್ಲಿ ಕೌನ್ಸಿಲ್ ಎಂಬ ಇಲ್ಲಿನ ಪುರಸಭೆಯ ವಯಸ್ಕರ ಶಾಲೆಯಲ್ಲಿ ಕಲಿಸಿದೆ. ಅಲ್ಲಿ ಚೆಂಡಿನ ಬದಲು ಕಂಪ್ಯೂಟರ್ ಬಂತು, ಚೆಂಡಿನಷ್ಟೇ ಸಲ ಕೈತಪ್ಪಿತು. ಪಾಠಕ್ಕಿಂತ ಪಾಠದ ಗುರಿಗಳನ್ನು ಬರೆಯುವ ಫಾರಂ ಉದ್ದವಾಯಿತು. ನಿವೃತ್ತಿಯ ದಿನ ನನ್ನ ಪೂರ್ತಿ ಹೆಸರನ್ನು ಸರಿಯಾಗಿ ಹೇಳಿದವಳು ಒಬ್ಬಳೇ, ಶಾಲೆ ಗುಡಿಸುವ ಘಾನಾದ ಹೆಂಗಸು.

ಶ್ರುತಿ ಮೊನ್ನೆ ಮತ್ತೆ ಬಂದಿದ್ದಳು, ಇಂಟರ್ನೆಟ್ಟಿನಿಂದ ತೆಗೆದ ಕಾಗದವೊಂದನ್ನು ಹಿಡಿದುಕೊಂಡು. "ಆಂಟಿ, ಚೈನೀಸ್ ಸ್ಟೂಡೆಂಟ್ಸ್ ಎಲ್ಲಾ ಇದನ್ನೇ ಓದ್ತಾರಂತೆ, ಮಾಡೆಲ್ ಎಸ್ಸೇ. ಎಷ್ಟು ಟಚಿಂಗ್ ಆಗಿದೆ ನೋಡಿ." ನೋಡಿದೆ. ಒರಟು ಅಂಗೈ, ಮೃದು ಮನಸ್ಸು, ಅಕ್ಕಿಯಲ್ಲಿನ ಕಲ್ಲು, ಒಂದೊಂದು ಕಾಳು. ಹನ್ನೊಂದು ಮಂದಿಯಲ್ಲಿ ಯಾರು ಊರಿಗೆ ಕಳಿಸಿದರೋ, ಅಲ್ಲಿಂದ ಎಷ್ಟು ಕೈ ದಾಟಿತೋ. ಧಾರವಾಡ ಮಾತ್ರ ಹೋಗಿತ್ತು. ಆ ಜಾಗದಲ್ಲಿ ಒಂದು ಖಾಲಿ ಗೆರೆ ಇತ್ತು, ನಿಮ್ಮ ಊರಿನ ಹೆಸರು ತುಂಬಿರಿ ಎಂದು.

ಕೊನೆಯಲ್ಲಿ ಹೇಳುತ್ತೇನೆ ಅಂದಿದ್ದೆನಲ್ಲ, ಅದು ಇದು. ನನ್ನ ಅಜ್ಜಿಯ ಹೆಸರು ಕೃಷ್ಣಾಬಾಯಿ. ಅವಳು ಒಂದು ದಿನವೂ ಅಕ್ಕಿ ಆರಿಸಲಿಲ್ಲ, ಸೊಸೆಯಂದಿರ ಕೈಯಲ್ಲಿ ಮಾಡಿಸುತ್ತಿದ್ದಳು. ಚೌಕಾಬಾರಾ ಆಡುವಾಗ ಮೊಮ್ಮಕ್ಕಳಿಗೇ ಮೋಸ ಮಾಡುತ್ತಿದ್ದಳು. ನನ್ನ ಮೊದಲ ಇಂಗ್ಲಿಷ್ ಪುಸ್ತಕವನ್ನು ಬಚ್ಚಲ ಒಲೆಗೆ ಹಾಕಿ, "ಇದನ್ನ ಕಲತ್ರ ಈ ಹುಡುಗಿ ದೂರ ಹೋಗ್ತದ, ತಿರುಗಿ ಬರಂಗಿಲ್ಲ," ಅಂದಳು. ಅಪ್ಪ ಕದ್ದು ಇನ್ನೊಂದು ತಂದುಕೊಟ್ಟರು. ನಾನು ಲಂಡನ್ನಿಗೆ ಹೊರಟ ದಿನ ಅಜ್ಜಿ ಕೋಣೆಯಿಂದ ಹೊರಗೆ ಬರಲಿಲ್ಲ. ಅವಳು ತೀರಿಕೊಂಡ ಸುದ್ದಿ ಆ ಪರೀಕ್ಷೆಗೆ ಎರಡು ವಾರ ಮೊದಲು ಕಾಲೇಜಿನ ಆಫೀಸಿಗೆ ಫೋನಿನಲ್ಲಿ ಬಂತು. ಟಾಲ್ಬಟ್ ಸಾಹೇಬರು ಚೀಟಿಯಲ್ಲಿ ಬರೆದಿಟ್ಟು ಊಟದ ಹೊತ್ತಿಗೆ ಕೊಟ್ಟರು. ಫೋನ್ ಬಂದಾಗ ನಾನು ಸಾಹೇಬರ ಬೂಟಿನ ಸದ್ದು ಕೇಳಿ ಚೆಂಡೆಸೆಯುತ್ತಿದ್ದೆ. ಮಧ್ಯಾಹ್ನ ಕ್ಲಾಸಿಗೆ ಹೋಗಿ, ಅಜ್ಜಿಯ ಬಗ್ಗೆ ಏನಾದರೂ ಹೇಳಬೇಕೆನ್ನಿಸಿ ಬೋರ್ಡಿನ ಮುಂದೆ ನಿಂತೆ. ಆಗ ನನ್ನ ಕೈಗೆ ಬಂದದ್ದು ಜೋಶಿ ಮಾಸ್ತರ ಅಜ್ಜಿ. ನನ್ನ ಅಜ್ಜಿ ಹೇಳಿದ್ದು ಸರಿಯಾಗಿತ್ತು. ನಾನು ದೂರ ಹೋದೆ, ತಿರುಗಿ ಬರಲಿಲ್ಲ. ಈ ಪ್ಯಾರಾವನ್ನು ಯಾರೂ ಬರೆಸಿದ್ದಲ್ಲ. ಶ್ರುತಿ, ಇದರಲ್ಲಿ ತಪ್ಪುಗಳಿದ್ದರೆ ಇರಲಿ, ತಿದ್ದಬೇಡ.